ವಿದ್ಯೆ ಹತ್ತಲಿಲ್ಲ ಎನ್ನುವ ಮೊದಲು



10ನೆಯ ಇಯತ್ತೆಯ ಫಲಿತಾಂಶ ಬಂದ ವಾರದಲ್ಲಿ ನಮ್ಮ ಗಡಿಭಾಗದ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಇವನಿಗೆ ವಿದ್ಯೆ ಹತ್ತಲಿಲ್ಲ." ತಂದೆ ಹೇಳುತ್ತಾನೆ, ಸೋದರಮಾವ ಹೇಳುತ್ತಾನೆ, ಬಂದ ಬೀಗರೂ ಹೇಳಿ ಹೋಗುತ್ತಾರೆ. ಹುಡುಗ ಗೋಡೆಗೆ ಆತು ನಿಂತು ಎಲ್ಲವನ್ನೂ ಕೇಳುತ್ತಾನೆ. ಆಮೇಲೆ ನಾಲ್ಕು ಜನ ಕೂಡಿ, ಎಲ್ಲಿ ಸೀಟು ಸಿಗುವುದೋ ಆ ಕೋರ್ಸಿಗೆ ಅವನ ಹೆಸರು ಹಚ್ಚುತ್ತಾರೆ. ಅವನ ಮನಸ್ಸು ಯಾವುದರಲ್ಲಿದೆ ಎಂದು ಕೇಳುವವರು ಕಡಿಮೆ. ಅವನ ಕೈ ಇದುವರೆಗೆ ಏನೇನು ಮುಟ್ಟಿ ನೋಡಿದೆ ಎಂದು ಕೇಳುವವರಂತೂ ಇಲ್ಲವೇ ಇಲ್ಲ.

ಈ ಹತ್ತುವುದು ಎಂಬ ಮಾತು ಬಹಳ ಚೆನ್ನಾದದ್ದು. ಒಲೆ ಹತ್ತುತ್ತದೆ, ಕಸಿ ಹತ್ತುತ್ತದೆ, ಬಟ್ಟೆಗೆ ಬಣ್ಣ ಹತ್ತುತ್ತದೆ. ಕಟ್ಟಿಗೆ ಹಸಿಯಾಗಿದ್ದರೆ ಒಲೆ ಹತ್ತದು. ಗಂಜಿ ತೆಗೆಯದ ಬಟ್ಟೆಯನ್ನು ಬಣ್ಣದ ಹಂಡೆಗೆ ಹಾಕಿದರೆ ಬಣ್ಣ ಮೇಲೆ ಮೇಲೆ ಕೂತು ಮೊದಲ ಒಗೆತಕ್ಕೇ ಹೋಗುತ್ತದೆ. ಆಗ ಬಟ್ಟೆಯನ್ನು ಯಾರೂ ದೂರುವುದಿಲ್ಲ, ಬಣ್ಣ ಹಾಕಿದವನನ್ನು ಕೇಳುತ್ತಾರೆ. ಹುಡುಗರ ವಿಷಯದಲ್ಲಿ ಮಾತ್ರ ನಾವು ಬಟ್ಟೆಯನ್ನೇ ಬೈಯುತ್ತೇವೆ.

ನಾನು ಮೆಟ್ರಿಕ್‌ವರೆಗೆ ಓದಿದವನು. ಶಿಕ್ಷಣಶಾಸ್ತ್ರ ನನಗೆ ತಿಳಿಯದು. ಜತ್ತ ತಾಲೂಕಿನಲ್ಲಿ ಪಂಪು, ಪೈಪು, ಬೇರಿಂಗು, ಮೋಟಾರು ಸುತ್ತುವ ತಾಮ್ರದ ತಂತಿ ಇವುಗಳ ವ್ಯಾಪಾರ ನನ್ನದು. ಬರಗಾಲದ ಸೀಮೆಯಲ್ಲಿ ನೀರೆತ್ತುವ ಸಾಮಾನು ಮಾರುವವನ ಅಂಗಡಿಗೆ ಎಲ್ಲ ತರಹದ ಜನ ಬರುತ್ತಾರೆ: ರೈತರು, ಬೋರಿನಿಂದ ಪೈಪು ಎಳೆಯುವವರು, ರೀವೈಂಡಿಂಗ್ ಮೇಸ್ತ್ರಿಗಳು, ಅವರ ಕೈಕೆಳಗಿನ ಹುಡುಗರು. ಸುಮಾರು 40 ವರ್ಷ ಗಲ್ಲೆಯ ಮೇಲೆ ಕುಳಿತು ಈ ಹುಡುಗರನ್ನು ನೋಡುತ್ತ ಬಂದಿದ್ದೇನೆ. ಯಾರಿಗೆ ಕೆಲಸ ಹತ್ತಿತು, ಯಾರಿಗೆ ಹತ್ತಲಿಲ್ಲ, ಯಾಕೆ ಎಂಬುದನ್ನು ಕಂಡಷ್ಟು ಇಲ್ಲಿ ಬರೆಯುತ್ತೇನೆ.

ಮೊದಲು ಒಬ್ಬ ಹುಡುಗನ ಸಂಗತಿ. ಹೆಸರು ಬೇಡ. ತಾಲೂಕಿನ ಪೂರ್ವಭಾಗದ ಹಳ್ಳಿಯವನು, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತವನು. ಮನೆಯಲ್ಲಿ ಸ್ವಲ್ಪ ದ್ರಾಕ್ಷಿ ತೋಟ. ಅವನು 8ನೆಯ ಇಯತ್ತೆಯಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಅವರ ಬೋರಿನ ಮೋಟಾರು ಸುಟ್ಟಿತು. ದ್ರಾಕ್ಷಿ ಬೆಳೆಯುವವರಿಗೆ ಗೊತ್ತು, ಏಪ್ರಿಲ್ ಛಾಟಣಿಯಾದ ಮೇಲೆ ಬರುವ ಕಡ್ಡಿಯಲ್ಲೇ ಮುಂದಿನ ಹಂಗಾಮಿನ ಗೊನೆ ಕಣ್ಣು ತೆರೆಯದೆ ಕೂತಿರುತ್ತದೆ. ಆಗ ನೀರಿಗೆ ತಡವಾದರೆ ಕಡ್ಡಿ ಹಸಿರಾಗಿಯೇ ಕಾಣುತ್ತದೆ, ಹೊಡೆತ ತಿಳಿಯುವುದು ಅಕ್ಟೋಬರ್ ಛಾಟಣಿಯ ಮೇಲೆ, ಗೊನೆ ಎಣಿಸುವಾಗ. ನೂರಾರು ಅಡಿ ಆಳದಿಂದ ಪೈಪು ಮೇಲೆತ್ತಿಸಿ, ಮೋಟಾರು ಸುತ್ತಿಸಿ, ಮತ್ತೆ ಇಳಿಸುವಷ್ಟರಲ್ಲಿ ಆ ಮನೆಯವರಿಗೆ ಎರಡು ವಾರ ಹೋಯಿತು. ಮರುವರ್ಷ ಗೊನೆ ಅರ್ಧಕ್ಕೆ ಬಂತು. ಸೊಸೈಟಿಯ ಸಾಲ ಕಟ್ಟಲಾಗದೆ ಅವನ ಅಕ್ಕನ ಮದುವೆಯನ್ನೇ ಒಂದು ವರ್ಷ ಮುಂದೆ ಹಾಕಿದರು.

ಮೋಟಾರು ಸುಟ್ಟ ಕಾರಣ ನಮ್ಮ ಕಡೆ ಎಲ್ಲರಿಗೂ ಪರಿಚಯದ್ದೇ. ಡೀಪಿಯ ಮೇಲೆ ಮೂರು ಫ್ಯೂಸಿನಲ್ಲಿ ಒಂದು ಹೋಗಿರುತ್ತದೆ. ಸ್ಟಾರ್ಟರು ತಾನಾಗಿ ಬೀಳುತ್ತದೆ. ರೈತನಿಗೆ ಅವಸರ, ಕರೆಂಟು ಇರುವುದೇ ಕೆಲವು ತಾಸು. ಬೀಳುವ ಸ್ಟಾರ್ಟರಿಗೆ ಒಂದು ಕಡ್ಡಿ ತುರುಕಿ ನಿಲ್ಲಿಸುತ್ತಾನೆ. ಮೋಟಾರು ಎರಡೇ ಫೇಜಿನ ಮೇಲೆ ಗುಂಯ್‌ಗುಟ್ಟುತ್ತ ಕೆಲಹೊತ್ತು ತಿರುಗಿ ಸುಟ್ಟುಹೋಗುತ್ತದೆ. ಆ ಮನೆಯಲ್ಲಿ ಆದದ್ದೂ ಇದೇ.

ಹುಡುಗ 10ನೆಯದರಲ್ಲಿ ಗಣಿತಕ್ಕೆ ಕಷ್ಟಪಟ್ಟು ಪಾಸಾದ. ಐಟಿಐಯಲ್ಲಿ ಇಲೆಕ್ಟ್ರಿಶಿಯನ್ ಶಾಖೆಯೇ ಬೇಕೆಂದು ಹಟ ಹಿಡಿದು ಸೇರಿದ. ಪಾಠ ಮರಾಠಿಯಲ್ಲಿ, ಪುಸ್ತಕದ ಅರ್ಧ ಶಬ್ದ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಿಂದ ಹೋದ ನಮ್ಮ ಮಕ್ಕಳಿಗೆ ಇದು ಎರಡು ಹೊಳೆ ದಾಟಿದಂತೆ. ಎಷ್ಟೋ ಮಂದಿ ಮೊದಲ ಆರು ತಿಂಗಳಲ್ಲೇ ಬಿಟ್ಟು ಬರುತ್ತಾರೆ. ಇವನು ಬಿಡಲಿಲ್ಲ. ಒಂದು ಸಂಜೆ ಅಂಗಡಿಗೆ ಓಡಿ ಬಂದು, ಇನ್ನೂ ಗಿರಾಕಿಗಳಿದ್ದಾರೆ ಎಂಬುದನ್ನೂ ನೋಡದೆ ಹೇಳಿದ:

"ಕಾಕಾ, ಒಂದು ಫೇಜ್ ಹೋದ್ರ ಉಳಿದ ಎರಡ್ರಾಗ ಕರೆಂಟ್ 1.73 ಪಟ್ಟು ಆಗ್ತದಂತ. ಕರೆಂಟ್ ಅಷ್ಟಾದ್ರ ಬಿಸಿ ಅದರ ವರ್ಗದಷ್ಟು, ಅಂದ್ರ ಮೂರು ಪಟ್ಟು! ಅಪ್ಪಾ ಕಡ್ಡಿ ತುರುಕಿದಾಗ ನಮ್ಮ ಮೋಟಾರಿನ್ಯಾಗ ಆಗಿದ್ದು ಇದಾ ನೋಡ್ರಿ."

1.73ನ್ನು 1.73ರಿಂದ ಗುಣಿಸಿದರೆ ಹೆಚ್ಚುಕಡಿಮೆ 3. ಸ್ಟಾರ್ ಜೋಡಣೆಯ ಮೋಟಾರಿನ ಲೆಕ್ಕವಿದು. ವರ್ಗಮೂಲವೆಂದರೆ ಬೆವರುತ್ತಿದ್ದ ಹುಡುಗ ಇದನ್ನು ಬೆರಳ ತುದಿಯಲ್ಲಿ ಹೇಳಿದ. ಅದೇ ತರಗತಿಯಲ್ಲಿ ಅದೇ ದಿನ ಅದೇ ಪಾಠವನ್ನು ಇನ್ನೂ ಹಲವರು ಕೇಳಿದ್ದರು. ಅವರಿಗೆ ಅದು ಪರೀಕ್ಷೆಯ ಒಂದು ಪ್ರಶ್ನೆ. ಇವನಿಗೆ ಅದು ಒಣಗಿದ ತೋಟ, ಮುಂದೆ ಹೋದ ಅಕ್ಕನ ಮದುವೆ. ಎರಡು ವರ್ಷ ಮನಸ್ಸಿನಲ್ಲಿ ಕುದಿಯುತ್ತಿದ್ದ ಪ್ರಶ್ನೆಗೆ ಉತ್ತರ ಬಂದಿತ್ತು. ಪ್ರಶ್ನೆ ಮೊದಲೇ ಒಳಗಿದ್ದರೆ ಉತ್ತರ ತಾನಾಗಿ ಅಂಟಿಕೊಳ್ಳುತ್ತದೆ. ಪ್ರಶ್ನೆಯೇ ಇಲ್ಲದವನಿಗೆ ಉತ್ತರ ಕೊಟ್ಟರೆ ಎಲ್ಲಿಡಬೇಕೆಂದು ಅವನಿಗೆ ತಿಳಿಯುವುದಿಲ್ಲ. ಓವರ್‌ಲೋಡ್ ರಿಲೇ ಎಂಬ ಶಬ್ದಕ್ಕೆ ಕನ್ನಡವೂ ಬೇಕಾಗಲಿಲ್ಲ, ಮರಾಠಿಯೂ ಬೇಕಾಗಲಿಲ್ಲ. ತಂದೆ ಕಡ್ಡಿ ತುರುಕಿದ ಜಾಗವೇ ಅದು ಎಂದು ಅವನು ಕಣ್ಣಾರೆ ಕಂಡಿದ್ದ.

ಇನ್ನು ಬೇರೆ ತರಹದ ಒಬ್ಬನನ್ನು ನೋಡಿ. ನಮ್ಮ ಬಳಗದವನೇ, ಅನುಕೂಲಸ್ಥರ ಮನೆ. ಪುಣೆಯಲ್ಲಿದ್ದ ಸಂಬಂಧಿಕರೊಬ್ಬರು ಫ್ರಿಜ್ ಮತ್ತು ಎ.ಸಿ. ಕೆಲಸಕ್ಕೆ ಬಹಳ ಸ್ಕೋಪ್ ಇದೆ ಎಂದರು. ಸರಿ, ಒಂದು ಖಾಸಗಿ ಸಂಸ್ಥೆಗೆ ದುಡ್ಡು ಕಟ್ಟಿ ಸೇರಿಸಿದರು. ಹುಡುಗ ಪಾಪ ಒಳ್ಳೆಯವನು, ಬೇಡವೆನ್ನಲಿಲ್ಲ. ಕೋರ್ಸು ಮುಗಿಯಿತು, ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಕೆಯೂ ಆಯಿತು. ಮನೆಯ ಫ್ರಿಜ್ ಕೆಟ್ಟಾಗ ಮಾತ್ರ ಊರ ಮೆಕ್ಯಾನಿಕ್ಕನೇ ಬರಬೇಕಾಯಿತು. ಬೀಗರ ಮುಂದೆ ಮತ್ತದೇ ಮಾತು, ಇವನಿಗೆ ವಿದ್ಯೆ ಹತ್ತಲಿಲ್ಲ.

ಈ ಹುಡುಗನ ಕೈಯಲ್ಲಿ ಒಂದು ಹಿಡಿ ಬೇದಾಣೆ ಕೊಟ್ಟು ನೋಡಬೇಕು! ಚಿಕ್ಕಂದಿನಿಂದ ಅಜ್ಜನ ಜೊತೆ ತಾಸಗಾಂವದ ಸವಾಲಿಗೆ ಹೋಗುತ್ತಿದ್ದವನು. ಮುಷ್ಟಿಯಲ್ಲಿ ಹಿಡಿದು ಒತ್ತಿ ಬಿಡುತ್ತಾನೆ. ಕಾಳು ಕಾಳು ಬಿಡಿಸಿಕೊಂಡರೆ ಒಣಗಿದೆ, ಮುದ್ದೆಯಾಗಿ ಅಂಟಿ ಉಳಿದರೆ ಪಸೆ ಇದೆ, ಪೆಟ್ಟಿಗೆಯಲ್ಲಿ ಕಪ್ಪಾಗುತ್ತದೆ. ಅದ್ದುವ ದ್ರಾವಣ ಹೆಚ್ಚಾಗಿತ್ತೋ, ನೆರಳಿನಲ್ಲಿ ಸರಿಯಾಗಿ ಹದಿನೈದು ದಿನ ಒಣಗಿಸಿದ್ದಾರೋ, ಅವಸರಕ್ಕೆ ಬೇಗ ಇಳಿಸಿದ್ದಾರೋ ಎಲ್ಲವನ್ನೂ ನೋಡಿದ ಕೂಡಲೇ ಹೇಳುತ್ತಾನೆ. ಬಂಗಾರದ ಬಣ್ಣ ಗಂಧಕದ ಹೊಗೆಯಿಂದ ಬಂದದ್ದೋ ಎಂಬುದನ್ನು ಮೂಗಿನಿಂದಲೇ ತಿಳಿಯುತ್ತಾನೆ. ಈಗ ಅದೇ ವ್ಯಾಪಾರದಲ್ಲಿದ್ದಾನೆ, ಶೀತಗೃಹದ ಲೆಕ್ಕವನ್ನೂ ನೋಡುತ್ತಾನೆ. ವಿಚಿತ್ರವೆಂದರೆ, ಶೀತಗೃಹದಲ್ಲಿ ಉಷ್ಣಾಂಶ ಯಾಕೆ ಏರಿತು ಎಂಬ ಚಿಂತೆ ಬಂದ ಮೇಲೆ, ಆ ಕೋರ್ಸಿನಲ್ಲಿ ಹೇಳಿದ್ದ ಕಂಪ್ರೆಸರ್ ಪಾಠವೂ ಅವನಿಗೆ ಈಗ ಅರ್ಥವಾಗತೊಡಗಿದೆ. ತನ್ನ ಮಾಲು ಒಳಗಿದೆಯಲ್ಲ!

ಮನೆಯ ಅನುಭವವೊಂದೇ ಸಾಕು, ಶಾಲೆ ಬೇಡ ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅದೂ ಸಾಲುವುದಿಲ್ಲ. ನಮ್ಮ ಪೇಟೆಯಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ, ಕೈಚಳಕದಲ್ಲಿ ಅವರನ್ನು ಮೀರಿಸುವವರು ಕಡಿಮೆ. ಸುಟ್ಟ ಕಾಯಿಲು ಬಿಚ್ಚಿ, ಸುತ್ತು ಎಣಿಸಿ, ತಂತಿಯ ಗೇಜು ಅಳೆದು, ಹಾಗೆಯೇ ಮರಳಿ ಸುತ್ತುವುದು ಅವರ ಪದ್ಧತಿ. ಬಹುತೇಕ ಮೇಸ್ತ್ರಿಗಳ ಪದ್ಧತಿಯೂ ಅದೇ. ಒಮ್ಮೆ ಒಂದು ಮೋಟಾರು ಒಂದೇ ಹಂಗಾಮಿನಲ್ಲಿ ಮೂರು ಸಲ ಸುಟ್ಟು ಬಂತು. ರೈತ ತಂತಿಯೇ ಖೋಟಾ ಎಂದು ನನ್ನ ಮೇಲೆ ಬಂದ. ಮೇಸ್ತ್ರಿ, "ಹಳೇ ಕಾಯಿಲ್ ಎಷ್ಟ ಸುತ್ತ ಇತ್ತೋ ಅಷ್ಟ ಹಾಕೀನ್ರಿ ಸಾವಕಾರ್ರ, ನಾ ಇನ್ನೇನ್ ಮಾಡ್ಲಿ?" ಎಂದರು. ಅವರು ಹೇಳಿದ್ದು ಸುಳ್ಳಲ್ಲ.

ಆಗ ಆ ದ್ರಾಕ್ಷಿ ತೋಟದ ಹುಡುಗ ಅಪ್ರೆಂಟಿಸ್ ಮುಗಿಸಿ ಅದೇ ಮೇಸ್ತ್ರಿಯ ಕೈಕೆಳಗೆ ಕೂತಿದ್ದ. ಮೋಟಾರಿಗೆ ಪಂಪು ಜೋಡಿಸದೆ, ಬರಿದೇ ತಿರುಗಿಸಿ ಆಂಪಿಯರ್ ನೋಡಿದ. ಭಾರವಿಲ್ಲದಿದ್ದರೂ ಮೋಟಾರು ಹೆಸರುಫಲಕದ ಮೇಲೆ ಬರೆದ ಪೂರ್ತಿ ಕರೆಂಟಿನ ಹತ್ತಿರಹತ್ತಿರ ಎಳೆಯುತ್ತಿತ್ತು. "ಸುತ್ತು ಕಮ್ಮಿ ಅವರೀ" ಎಂದ. ಸುತ್ತು ಕಡಿಮೆಯಾದರೆ ಕಬ್ಬಿಣವನ್ನು ಅಯಸ್ಕಾಂತ ಮಾಡುವುದಕ್ಕೇ ಹೆಚ್ಚು ಕರೆಂಟು ಬೇಕಾಗುತ್ತದೆ, ಮೋಟಾರು ಕೆಲಸ ಮಾಡುವ ಮೊದಲೇ ಕಾಯುತ್ತದೆ. ಹಿಂದೆ ಎಲ್ಲೋ ಯಾರೋ ಮೇಸ್ತ್ರಿ ತಂತಿ ಉಳಿಸಲೆಂದೋ ಎಣಿಕೆ ತಪ್ಪಿಯೋ ಕೆಲವು ಸುತ್ತು ಬಿಟ್ಟಿದ್ದ. ಅದಾದ ಮೇಲೆ ಸುತ್ತಿದವರೆಲ್ಲ ಆ ತಪ್ಪನ್ನೇ ಶ್ರದ್ಧೆಯಿಂದ ನಕಲು ಮಾಡುತ್ತ ಬಂದಿದ್ದರು. ಹುಡುಗ ಲೆಕ್ಕ ಹಾಕಿ ಸುತ್ತು ಹೇಳಿದ. ಆದರೆ ಅಷ್ಟು ಸುತ್ತನ್ನು ಆ ಸಣ್ಣ ಸ್ಲಾಟಿನಲ್ಲಿ ಕಾಗದ ಹರಿಯದಂತೆ, ತಂತಿಯ ಮೇಲಿನ ಪದರು ಕೆತ್ತದಂತೆ ಕೂಡಿಸಲು ಅವನಿಂದಾಗಲಿಲ್ಲ. ಮೇಸ್ತ್ರಿಯೇ ಕೂಡಿಸಿದರು. ಆ ಮೋಟಾರು ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಮೇಸ್ತ್ರಿಯವರು ಅಂದಿನಿಂದ ಹುಡುಗನನ್ನು "ನಮ್ಮ ಇಂಜಿನಿಯರ್" ಎಂದು ಕರೆಯುತ್ತಾರೆ, ಅರ್ಧ ಚೇಷ್ಟೆ, ಅರ್ಧ ಅಭಿಮಾನ.

ಇದು ಇಂದಿನ ಹೊಸ ಸಂಗತಿಯಲ್ಲ. ನಮ್ಮ ಜಿಲ್ಲೆಯಲ್ಲೇ ಇರುವ ಕಿರ್ಲೋಸ್ಕರವಾಡಿಯ ಹುಟ್ಟನ್ನು ನೋಡಿದರೆ ತಿಳಿಯುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಶಾಲೆಯ ಓದಿನಲ್ಲಿ ಮನಸ್ಸಿಲ್ಲ, ಚಿತ್ರ ಮತ್ತು ಯಂತ್ರ ಎರಡರಲ್ಲೇ ಮನಸ್ಸು. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಅಲ್ಲಿ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂದು ಗೊತ್ತಾಯಿತು. ಬೇರೆಯವರಾಗಿದ್ದರೆ ಊರಿಗೆ ಮರಳುತ್ತಿದ್ದರು. ಇವರು ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ. 1903ರಲ್ಲಿ ಮೊದಲ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವಾಗುತ್ತದೆಂದು ರೈತರು ಹತ್ತಿರ ಬರಲಿಲ್ಲ, ಮಾರಾಟವಾಗಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಮುಳ್ಳುಪೊದೆಯ ಬಯಲಿನ ಮೇಲೆ ಕಿರ್ಲೋಸ್ಕರವಾಡಿ ಎದ್ದಿತು. ಕಲಿಯದ ಹಳ್ಳಿಗರನ್ನೇ ಕೂಡಿಸಿಕೊಂಡು, ಕೈಯಲ್ಲಿ ಕೆಲಸ ಕೊಟ್ಟು ಕುಶಲಿಗಳನ್ನಾಗಿ ಮಾಡಿದರು.

ಆ ಕಿರ್ಲೋಸ್ಕರರ ಮಾಲನ್ನೂ ಓಗಲೆಯವರ ಗಾಜಿನ ಸಾಮಾನನ್ನೂ ಮಾರುತ್ತ ಊರೂರು ತಿರುಗಿದವರೊಬ್ಬರು ನಮ್ಮ ಸಮಾಜದವರೇ. ನಾವೆಲ್ಲ ಬಾಹುಬಲಿಯ ದರ್ಶನಕ್ಕೆ ಹೋಗುವ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು. ಅವರಿಗೂ ಶಾಲೆಯ ವಿದ್ಯೆ ಹತ್ತಲಿಲ್ಲವೆಂದೇ ಜನ ಹೇಳುತ್ತಿದ್ದರು, ಮೆಟ್ರಿಕ್‌ವರೆಗೂ ಹೋಗಲಿಲ್ಲ. 1919ರಲ್ಲಿ ಕರಾಡದ ಹತ್ತಿರದ ಕಾಲೆ ಎಂಬ ಊರಿನಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟುಹಾಕಿದರು, 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ವಸತಿಗೃಹ ತೆರೆದರು. ದುಡಿ ಮತ್ತು ಕಲಿ ಎಂಬುದು ಅವರ ಯೋಜನೆ. ಹುಡುಗರು ಹೊಲ ಮಾಡಿದರು, ಕಲ್ಲು ಹೊತ್ತರು, ತಮ್ಮ ಅಡಿಗೆ ತಾವೇ ಮಾಡಿಕೊಂಡರು. ತಾನು ಬೆಳೆದ ಜೋಳ ತನ್ನ ತಾಟಿಗೇ ಬರುತ್ತಿತ್ತು. ಮೇಲಿನಿಂದ ಹೇಳಿಸಿಕೊಂಡು ಮಾಡಿದ ದುಡಿತಕ್ಕೂ ಇದಕ್ಕೂ ಅಂತರವಿದೆ.

ಆ ಅಂತರ ನಾನು ಬಲ್ಲೆ. ಗಾಂಧೀಜಿಯವರು 1937ರಲ್ಲಿ ವರ್ಧಾದಲ್ಲಿ ಮೂಲಶಿಕ್ಷಣದ ವಿಚಾರ ಮುಂದಿಟ್ಟರು, ಕೈಕಸುಬಿನ ಮೂಲಕವೇ ಮಗು ಎಲ್ಲ ವಿಷಯ ಕಲಿಯಬೇಕೆಂದು. ಅದರ ಬಾಲವೊಂದು ನಾನು ಕಲಿತ ಶಾಲೆಯವರೆಗೂ ಬಂದು ಮುಟ್ಟಿತ್ತು. ವಾರಕ್ಕೊಂದು ಟಕಳಿಯ ತಾಸು. ನೂಲು ತೆಗೆದು ಗುರುಗಳ ಮೇಜಿನ ಮೇಲೆ ಇಡುತ್ತಿದ್ದೆವು. ಆ ನೂಲು ಎಲ್ಲಿಗೆ ಹೋಯಿತೆಂದು ನಮಗಾರಿಗೂ ತಿಳಿಯಲಿಲ್ಲ. ಅದರಿಂದ ಒಂದು ಕರವಸ್ತ್ರವಾದರೂ ನೇಯಿಸಿ ನಮ್ಮ ಕೈಗೆ ಕೊಟ್ಟಿದ್ದರೆ ನಾಲ್ಕು ಜನರಿಗಾದರೂ ಆ ವಿದ್ಯೆ ಹತ್ತುತ್ತಿತ್ತೇನೋ. ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ಇಯತ್ತೆಯ ಮಕ್ಕಳು 10 ದಿನ ಪಾಟೀಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಬೇಕೆಂದು ಹೇಳಿದೆ. ಒಳ್ಳೆಯದೇ. ಅದೂ ಟಕಳಿಯ ತಾಸಾಗದಂತೆ ಪಾಲಕರು ನೋಡಿಕೊಳ್ಳಬೇಕು: ಮಗು ಏನು ಮಾಡಿತು, ಅದನ್ನು ಮನೆಗೆ ತಂದಿತೇ ಎಂದು ವಿಚಾರಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲೂ ಇದೇ. ದಾನಿಗಳು ಹೊಲಿಗೆ ಯಂತ್ರ ಹಂಚುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡು ವರ್ಷದ ಮೇಲೆ ಕೆಲವು ಮನೆಗಳಲ್ಲಿ ಆ ಯಂತ್ರದ ಮೇಲೆ ಟಿ.ವಿ. ಕೂತಿರುವುದನ್ನು ನಾನೇ ಕಂಡಿದ್ದೇನೆ. ಯಾವ ಮನೆಯಲ್ಲಿ ಅದು ತಿರುಗುತ್ತಿದೆ ಎಂದು ನೋಡಿದರೆ, ಮಗಳ ಲಂಗಕ್ಕೆ ಅಂಚು ಹಚ್ಚಬೇಕೆಂದು ತಾನಾಗಿ ಕೂತ ತಾಯಿಯ ಮನೆಯಲ್ಲಿ. ಹಂಚುವ ಮೊದಲು ಒಂದು ವಾರ ಎಲ್ಲರನ್ನೂ ಕೂಡಿಸಿ, ತಮ್ಮ ಮನೆಯದೇ ಒಂದು ಹರಿದ ಬಟ್ಟೆ ತಂದು ಹೊಲಿಯಿರಿ ಎಂದರೆ ಯಾರಿಗೆ ಕೊಡಬೇಕೆಂಬುದು ತಾನೇ ತಿಳಿಯುತ್ತದೆ. ನಮ್ಮ ಸಂಘಗಳ ವಿದ್ಯಾರ್ಥಿವೇತನದವರೂ ಅಂಕಪಟ್ಟಿಯ ಜೊತೆಗೆ ಒಂದು ಪ್ರಶ್ನೆ ಸೇರಿಸಬಹುದು: ನೀನು ಇಲ್ಲಿಯವರೆಗೆ ಸ್ವಂತ ಕೈಯಿಂದ ಬಿಚ್ಚಿ ಜೋಡಿಸಿದ, ಬೆಳೆದ, ಮಾಡಿದ ಒಂದು ವಸ್ತು ಯಾವುದು? ಉತ್ತರ ಎರಡು ಸಾಲು ಸಾಕು.

ಕೊನೆಗೆ ವ್ಯವಹಾರದ ಮಾತು. ಮಹಾರಾಷ್ಟ್ರದಲ್ಲಿ 10ನೆಯದರ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗೆ ಸುಮಾರು ಎರಡು ತಿಂಗಳು ಸಿಗುತ್ತದೆ. ಐಟಿಐಯ ಅರ್ಜಿ ಅದಾದ ಮೇಲೆ. ಈ ಎರಡು ತಿಂಗಳನ್ನು ಮೊಬೈಲಿಗೆ ಕೊಡಬೇಡಿ. ಹುಡುಗ ಬಯಸಿದ ಕಸುಬಿನವರ ಹತ್ತಿರ ಹದಿನೈದು ದಿನ ಕೂಡಿಸಿ. ಹದಿನೈದು ದಿನಕ್ಕೆ ಬೇಸತ್ತರೆ ಇನ್ನೊಬ್ಬರ ಹತ್ತಿರ. ಸಂಬಳಕ್ಕಲ್ಲ, ನೋಡಿ ಕಲಿಯಲಿಕ್ಕೆ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಡುವುದನ್ನು ಕಾಯಿದೆ ಒಪ್ಪುವುದಿಲ್ಲ, ಅದು ನೆನಪಿರಲಿ. ಮೋಟಾರು ಕೆಲಸ ನೋಡಬೇಕೆನ್ನುವವರಿಗೆ ಅದೇ ಸರಿಯಾದ ಕಾಲ, ನಮ್ಮ ಕಡೆ ಏಪ್ರಿಲ್-ಮೇಯಲ್ಲಿ ಸುಟ್ಟಷ್ಟು ಮೋಟಾರುಗಳು ಉಳಿದ ವರ್ಷವೆಲ್ಲ ಸುಡುವುದಿಲ್ಲ. ಬುತ್ತಿ ಮನೆಯಿಂದಲೇ ಕಟ್ಟಿ ಕೊಡಿ. ಕಾಲಿಗೆ ಬೂಟು ಇರಲಿ, ಸಡಿಲ ತೋಳಿನ ಅಂಗಿ ಬೇಡ. ಮೊದಲ ವಾರ ಮೇನ್ ಸ್ವಿಚ್ಚಿಗೆ ಕೈ ಹಚ್ಚಕೂಡದೆಂದು ಮೇಸ್ತ್ರಿಯ ಎದುರಿಗೇ ಹೇಳಿ ಬನ್ನಿ. ಸಂಜೆ ಮನೆಗೆ ಬಂದಾಗ ಇವತ್ತು ಎಷ್ಟು ಕಲಿತೆ ಎಂದು ಕೇಳಬೇಡಿ. ಯಾರ ಮೋಟಾರು ಬಂದಿತ್ತು, ಯಾಕೆ ಸುಟ್ಟಿತ್ತು ಎಂದು ಕೇಳಿ.